ಅಳಿಯಂದಿರು ತೋಡಿದ ದೊಡ್ಡ ಗುಂಡಿ

"ಇನ್ನು ಮೇಲೆ ಈ ಮನೇಲಿ ಯಾರೂ ಒಂದು ಗುಂಡಿಗೋಸ್ಕರ ಅರ್ಧ ಸೆಕೆಂಡಿಗಿಂತ ಹೆಚ್ಚು ಹುಡುಕಾಡಕೂಡದು!"

ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದ ಹಾಗೆ ಎತ್ತಿ ಹಿಡಿದು, ಬಾಯಿ ತುಂಬ ನೊರೆ ತುಂಬಿಕೊಂಡು ಗುಂಡಿ ಮೇಷ್ಟ್ರು ಹೊರಡಿಸಿದ ರಾಜಾಜ್ಞೆ ಇದು. ಪ್ರಜೆಗಳು ಇದ್ದದ್ದು ಇಬ್ಬರೇ. ಒಬ್ಬರು ಅವರ ಹೆಂಡತಿ. ಆಕೆ ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. ಇನ್ನೊಬ್ಬರು ಹೆಂಡತಿಯ ತಾಯಿ. ಅವರು ಮಾತ್ರ ಕನ್ನಡಕ ಸರಿ ಮಾಡಿಕೊಂಡು ಕಾಳಜಿಯಿಂದ ಕೇಳಿದರು.

"ಯಾವ ಅಂಗೀದು ಕಿತ್ತುಹೋಗಿದೆ ಅಳಿಯಂದಿರೇ? ಕೊಡಿ, ಈಗಲೇ ಹಾಕಿಕೊಡ್ತೀನಿ."

ಅತ್ತೆಯವರ ತಪ್ಪೇನಿಲ್ಲ. ಅವರು ನಲವತ್ತು ವರ್ಷ ಬಟ್ಟೆ ಹೊಲಿದವರು. ಅವರಿಗೆ ಗುಂಡಿ ಎಂದರೆ ನಾಲ್ಕು ತೂತಿನದು, ದಾರದಿಂದ ಕೂರುವಂಥದು. ಮೇಷ್ಟ್ರ ಗುಂಡಿಗಳೇ ಬೇರೆ. ಅವು ಕಂಪ್ಯೂಟರಿನ ಪರದೆಯ ಮೇಲಿರುತ್ತವೆ, ಮುಟ್ಟಿದರೆ ಕೈಗೆ ಸಿಗುವುದಿಲ್ಲ, ಒತ್ತಿದರೆ ಲೋಕವೇ ಅದಲುಬದಲಾಗುತ್ತದೆ. ಯಾವ ಗುಂಡಿ ಎಷ್ಟು ದೊಡ್ಡದಿರಬೇಕು, ಪರದೆಯ ಯಾವ ಜಾಗದಲ್ಲಿ ಕೂರಬೇಕು ಎಂದು ತೀರ್ಮಾನ ಮಾಡುವುದೇ ಮೇಷ್ಟ್ರ ಉದ್ಯೋಗ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಚೇರಿಯಲ್ಲಿ ಟೀ ಕುಡಿಯಲು ಬಂದವರನ್ನೂ ನಿಲ್ಲಿಸಿಕೊಂಡು ಗುಂಡಿಗಳ ಬಗ್ಗೆ ಪಾಠ ಹೇಳುತ್ತಿದ್ದರು. ಹೆಸರು ಹಾಗೆ ಅಂಟಿಕೊಂಡಿತು.

ಪಾಠ ಯಾವಾಗಲೂ ಒಂದೇ. "ನೋಡಿ, ಪರದೆ ಮೇಲೆ ಓಡಾಡೋ ಆ ಪುಟ್ಟ ಬಾಣ ಇದೆಯಲ್ಲ, ಅದಕ್ಕೆ ಗುರಿ ದೊಡ್ಡದಾಗಿರಬೇಕು, ಹತ್ತಿರ ಇರಬೇಕು. ಆಗ ಬೇಗ ಮುಟ್ಟುತ್ತೆ. ಗುರಿ ಚಿಕ್ಕದು, ದೂರ ಇದೆ ಅಂದ್ರೆ ತಡಕಾಡುತ್ತೆ. ಇನ್ನು ಪರದೆ ಅಂಚಿಗೇ ಗುಂಡಿ ಅಂಟಿಸಿದಿರೋ, ಮುಗೀತು! ಬಾಣ ಅಂಚಿಗೆ ಬಡಿದು ತಾನೇ ನಿಲ್ಲುತ್ತೆ. ದಾಟಿ ಹೋಗೋಣ ಅಂದ್ರೂ ದಾರಿ ಇಲ್ಲ. ಕಣ್ಣು ಮುಚ್ಚಿಕೊಂಡು ಎಳೆದರೂ ಗುರಿ ತಪ್ಪಲ್ಲ!"

ಈ ಪಾಠ ಅಕ್ಷರಶಃ ನಿಜ. ತೊಂದರೆ ಶುರುವಾದದ್ದೇ ಅದು ನಿಜವಾಗಿದ್ದರಿಂದ.

ಆ ಭಾನುವಾರ ಮೇಷ್ಟ್ರಿಗೆ ಇಷ್ಟು ಹುರುಪು ಬರಲು ಕಾರಣ ಒಂದು ಕಾಗದ. ಕಾಗದ ಎಂದದ್ದು ಅತ್ತೆಯವರ ಭಾಷೆಯಲ್ಲಿ. ಹಜಾರದ ಮೂಲೆಯ ಮೇಜಿನ ಮೇಲಿರುವ ಮನೆಯ ಕಂಪ್ಯೂಟರಿಗೆ ಬಂದ ಸಂದೇಶ ಅದು. ಕಳಿಸಿದವರು ಅತ್ತೆಯ ಅಕ್ಕ. ಅಕ್ಕ ತಂಗಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಆ ಹನ್ನೊಂದು ವರ್ಷದ ಮೌನ ಒಡೆದು ಬಂದದ್ದು ಮೂರು ಸಾಲು: "ಗುರುವಾರ ಕಣ್ಣು ತೋರಿಸಲು ನಿಮ್ಮ ಊರಿಗೆ ಬರುತ್ತಿದ್ದೇನೆ. ಅಕ್ಷರವೆಲ್ಲ ಇರುವೆ ಸಾಲಿನಂತೆ ಕಾಣುತ್ತವೆ, ಇದನ್ನು ಪಕ್ಕದ ಮನೆಯವರಿಂದ ಬರೆಸಿದ್ದೇನೆ. ಮನೆಗೆ ಬರಲೋ ಬೇಡವೋ ತಿಳಿಸು."

ಅತ್ತೆ ಆ ಮೂರು ಸಾಲನ್ನು ಎರಡು ದಿನ ಓದಿದರು. ಊಟದ ನಡುವೆ ಎದ್ದು ಹೋಗಿ ಓದಿದರು. ಅಕ್ಕ ಬರಬೇಕು ಎಂದು ಅವರಿಗೆ ಎಷ್ಟು ಆಸೆಯಿತ್ತು ಎಂಬುದು ಅವರು ಮೂರು ಸಲ ದಿಂಬಿನ ಚೀಲ ಬದಲಾಯಿಸಿದ್ದರಲ್ಲೇ ಗೊತ್ತಾಗುತ್ತಿತ್ತು.

"ಫೋನ್ ಮಾಡಿಬಿಡಮ್ಮ" ಎಂದಳು ಮಗಳು.

"ಬೇಡ. ಫೋನಲ್ಲಿ ಅವಳು ಒಂದು ಅಂತಾಳೆ, ನಾನು ಎರಡು ಅಂತೀನಿ, ಮತ್ತೆ ಹನ್ನೊಂದು ವರ್ಷ ಹೋಗುತ್ತೆ. ಕಾಗದ ಆದ್ರೆ ನಿಧಾನವಾಗಿ, ಯೋಚನೆ ಮಾಡಿ ಬರೀಬಹುದು. ತಪ್ಪು ಮಾತು ಹೋಗಲ್ಲ."

ಆದರೆ ಬರೆದದ್ದನ್ನು ಕಳಿಸುವುದೇ ಅವರಿಗೆ ಕಷ್ಟ. ನಲವತ್ತು ವರ್ಷ ಕತ್ತರಿ ಹಿಡಿದು ಅವರ ಬಲಗೈ ಹೆಬ್ಬೆರಳು ಸೆಟೆದುಕೊಂಡಿತ್ತು. ಮೌಸ್ ಹಿಡಿದರೆ ಬಾಣ ಪರದೆಯ ಮೇಲೆ ದಿಕ್ಕುತಪ್ಪಿದ ನೊಣದಂತೆ ಸುತ್ತುತ್ತಿತ್ತು. ಕಳುಹಿಸು ಎಂಬ ಪುಟ್ಟ ಗುಂಡಿಯನ್ನು ಮುಟ್ಟಲು ಒಂಬತ್ತು ಸೆಕೆಂಡು ಹಿಡಿಯಿತು. ಮೇಷ್ಟ್ರು ಗಡಿಯಾರ ಹಿಡಿದೇ ಅಳೆದಿದ್ದರು. ಒಂಬತ್ತು ಸೆಕೆಂಡು! ಗುಂಡಿ ಮೇಷ್ಟ್ರ ಮನೆಯಲ್ಲಿ! ಹೊರಗೆ ಗೊತ್ತಾದರೆ ಮಾನ ಉಳಿಯುತ್ತದೆಯೇ?

ಮೇಷ್ಟ್ರು ಬ್ರಷ್ ಕೆಳಗಿಟ್ಟು ಬಾಯಿ ಮುಕ್ಕಳಿಸಿ ಕೆಲಸಕ್ಕೆ ಕೂತರು. ಮಧ್ಯಾಹ್ನದ ಹೊತ್ತಿಗೆ ಅತ್ತೆಗಾಗಿಯೇ ಒಂದು ಹೊಸ ಪರದೆ ಸಿದ್ಧವಾಯಿತು. ಮೇಲೆ ಬರೆಯುವ ಜಾಗ. ಕೆಳಗೆ, ಪರದೆಯ ಈ ತುದಿಯಿಂದ ಆ ತುದಿಯವರೆಗೆ, ಅಂಚಿಗೆ ಅಂಟಿಕೊಂಡು, ಹಸಿರು ಬಣ್ಣದಲ್ಲಿ ಮಲಗಿದ ಮಹಾಗುಂಡಿ: ಕಳುಹಿಸು! ಪರದೆಯ ಮೂರನೇ ಒಂದು ಭಾಗ ಅದೇ. ಮೌಸನ್ನು ತನ್ನ ಕಡೆಗೆ ಸುಮ್ಮನೆ ಎಳೆದುಕೊಂಡರೆ ಸಾಕು, ಬಾಣ ಹೋಗಿ ಅದರ ಮೇಲೇ ಬೀಳುತ್ತದೆ.

"ಎಳೀರಿ ಅತ್ತೆ!"

ಅತ್ತೆ ಎಳೆದರು. ಒತ್ತಿದರು. ಟಿಣ್!

"ಮುಕ್ಕಾಲು ಸೆಕೆಂಡು!" ಮೇಷ್ಟ್ರು ಕುಣಿದೇಬಿಟ್ಟರು. "ಇನ್ನೊಂದ್ಸಲ!"

ಮೂವತ್ತು ಸಲ ಎಳೆಸಿದರು. ಮೂವತ್ತು ಖಾಲಿ ಸಂದೇಶಗಳು ಹೋಗಿ ಮೇಷ್ಟ್ರ ಕಚೇರಿಯ ಪೆಟ್ಟಿಗೆಗೆ ಬಿದ್ದವು. ಆಮೇಲೆ ವಿಳಾಸದ ಜಾಗದಲ್ಲಿ ಅಕ್ಕನದನ್ನು ತುಂಬಿಟ್ಟರು. ಅತ್ತೆಗೂ ಖುಷಿಯಾಯಿತು. ಆದರೆ ಅವರು ಪರದೆಯ ಮೇಲ್ಗಡೆ ಕಣ್ಣು ಕಿರಿದು ಮಾಡಿ ನೋಡಿದರು. ಅಲ್ಲಿ ಬಲಮೂಲೆಯ ಹತ್ತಿರ, ಅಂಚಿಗೂ ತಾಗದೆ, ಸಾಸಿವೆ ಕಾಳಿನಷ್ಟು ಬೂದು ಬಣ್ಣದ ಒಂದು ಚುಕ್ಕೆ ಇತ್ತು.

"ಇದೇನು?"

"ಅಳಿಸು ಗುಂಡಿ ಅತ್ತೆ."

"ಇದನ್ನೂ ಸ್ವಲ್ಪ ದೊಡ್ಡದು ಮಾಡಿ."

"ಅಯ್ಯೋ, ಅಳಿಸೋದು ಯಾರೂ ದಿನಾ ಮಾಡೋ ಕೆಲಸ ಅಲ್ಲ ಅತ್ತೆ. ಅಪರೂಪಕ್ಕೆ ಬೇಕಾಗೋದನ್ನ ಚಿಕ್ಕದಾಗಿ, ದೂರದಲ್ಲಿ ಇಡಬೇಕು. ಅದು ಶಾಸ್ತ್ರ."

"ನಾನು ದಿನಾ ಮಾಡ್ತೀನಲ್ಲ?"

ಮೇಷ್ಟ್ರು ನಕ್ಕರು. ಶಾಸ್ತ್ರ ಬಲ್ಲವರು ಶಾಸ್ತ್ರ ತಿಳಿಯದವರನ್ನು ನೋಡಿ ನಗುವ ಆ ನಗು. ಅತ್ತೆ ಹಸಿರು ಗುಂಡಿಯನ್ನು ಇನ್ನೊಮ್ಮೆ ನೋಡಿ, "ಅಂಗಿಗೆ ಕಾಜಾ ದೊಡ್ಡದಾಗಿ ಕೊಯ್ದರೆ ಗುಂಡಿ ಹಾಕೋಕೇನೋ ಸಲೀಸು. ಬಿಚ್ಚಿಕೊಳ್ಳೋದೂ ಅಷ್ಟೇ ಸಲೀಸು" ಎಂದು ಗೊಣಗಿದರು. ಮೇಷ್ಟ್ರು ಅದನ್ನು ಹೊಲಿಗೆಯ ವಿಚಾರ ಎಂದುಕೊಂಡು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಅವರು ಕೇಳದೆ ಬಿಟ್ಟ ಸಂಗತಿ ಇಷ್ಟು. ಅತ್ತೆ ಜೀವಮಾನದಲ್ಲಿ ಒಂದು ಕಾಗದವನ್ನೂ ಒಂದೇ ಸಲ ಬರೆದವರಲ್ಲ. ಎರಡು ಸಲ ಬರೆಯುವರು. ಮೊದಲನೆಯದಕ್ಕೆ ಅವರು ಇಟ್ಟ ಹೆಸರು ಹೊಟ್ಟೆ ಕಾಗದ. ಹೊಟ್ಟೆಯಲ್ಲಿರುವ ಬೈಗುಳ, ಸಿಟ್ಟು, ಸಂಕಟ ಎಲ್ಲ ಅದರಲ್ಲಿ ಬರೆದು, ಒಮ್ಮೆ ಓದಿ, ಹರಿದು ಹಾಕುವರು. ಆಮೇಲೆ ನೀರು ಕುಡಿದು ಎರಡನೆಯದನ್ನು ಬರೆಯುವರು. ಅದು ಅಂಚೆ ಕಾಗದ. ಹೊಲಿಗೆ ಕೆಟ್ಟಿತು ಎಂದು ತಕರಾರು ತೆಗೆದ ಗಿರಾಕಿಗಳಿಗೂ ಹೀಗೇ ಬರೆದಿದ್ದರು. ಹೊಟ್ಟೆ ಕಾಗದ ಬರೆಯದೆ ಅಂಚೆ ಕಾಗದ ಬರೆದರೆ ಬೈಗುಳ ಅಲ್ಲಲ್ಲಿ ಇಣುಕುತ್ತದೆ ಎನ್ನುವುದು ಅವರ ಅನುಭವ. ಆ ಮನೆಯಲ್ಲಿ ಇದು ಮಗಳಿಗೂ ಗೊತ್ತಿತ್ತು. ಅತ್ತೆಯ ಬೆರಳನ್ನು ಮೂವತ್ತು ಸಲ ಅಳೆದ ಅಳಿಯಂದಿರಿಗೆ ಮಾತ್ರ ಗೊತ್ತಿರಲಿಲ್ಲ.

ಮೇಷ್ಟ್ರು ತಲೆಗೆ ನೀರು ಸುರಿದುಕೊಳ್ಳುತ್ತ ಹಾಡುತ್ತಿದ್ದಾಗ, ಅತ್ತೆ ಒಂದೇ ಬೆರಳಲ್ಲಿ ಕೀಲಿಮಣೆ ಕುಟ್ಟಿ ಹೊಟ್ಟೆ ಕಾಗದ ಬರೆದರು. ಮುಕ್ಕಾಲು ಗಂಟೆ ಬರೆದರು; ಮೇಷ್ಟ್ರ ಭಾನುವಾರದ ಸ್ನಾನ ಅದಕ್ಕೂ ಉದ್ದ. ಬರೆದು ಮುಗಿದ ಮೇಲೆ, ನಲವತ್ತು ವರ್ಷ ಪ್ರತಿಯೊಂದು ಬಟ್ಟೆ ಮುಗಿದಾಗಲೂ ಮಾಡಿದ್ದನ್ನೇ ಮಾಡಿದರು. ಮೇಜಿನ ಮೇಲಿನ ದಾರದ ಚೂರುಗಳನ್ನು ಅಂಗೈಯಿಂದ ತಮ್ಮ ಕಡೆಗೆ ಗುಡಿಸಿಕೊಂಡರು. ದಾರವೇನೂ ಇರಲಿಲ್ಲ. ಕೈಗೆ ಆ ಲೆಕ್ಕ ಗೊತ್ತಿಲ್ಲ. ಅಂಗೈ ಕೆಳಗೆ ಸಿಕ್ಕಿದ್ದು ಮೌಸ್. ಅದು ಸರ್ರನೆ ಕೆಳಕ್ಕೆ ಬಂತು. ಬಾಣವೂ ಬಂತು, ಅಂಚಿಗೆ ಬಡಿದು ನಿಂತಿತು. ಅಂಗೈ ಒತ್ತಿತು.

ಟಿಣ್!

"ಅಯ್ಯೋ! ಅಳಿಯಂದಿರೇ!"

ಆ ಕೂಗಿಗೆ ಮೇಷ್ಟ್ರು ಸೋಪಿನ ಸಮೇತ ಟವೆಲ್ ಸುತ್ತಿಕೊಂಡು ಓಡಿ ಬಂದರು. ಹೆಂಡತಿಯೂ ಬಂದಳು. ಪರದೆಯ ಮೇಲೆ ಅಕ್ಷರಗಳು ಉರಿಯುತ್ತಿದ್ದವು.

"ಅಕ್ಕ ಅನ್ನಿಸಿಕೊಂಡವಳೇ, ಹನ್ನೊಂದು ವರ್ಷಕ್ಕೆ ನನ್ನ ಮನೆ ನೆನಪಾಯಿತೋ? ಕಣ್ಣು ಈಗ ಕಾಣುವುದಿಲ್ಲ ಎನ್ನುತ್ತೀಯ. ಅಮ್ಮ ತನ್ನ ಹೊಲಿಗೆ ಯಂತ್ರ ನನಗೆಂದು ಇಟ್ಟದ್ದು ನಿನಗೆ ಆಗಲೂ ಕಾಣಲಿಲ್ಲ. ನಾನು ದಾರ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಎತ್ತಿಕೊಂಡು ಹೋದೆ. ಒಂದು ಮಾತು ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಕಳ್ಳರೂ ನಿನಗಿಂತ ವಾಸಿ. ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ."

ಮೇಷ್ಟ್ರ ಗುಂಡಿಗೆ ಸೀದಾ ಗುಂಡಿಗೇ ಬಿತ್ತು.

"ಇದನ್ನ ಕಳಿಸಿದ್ರಾ ಅತ್ತೆ!"

"ಹೊಟ್ಟೇದು! ಅಂಚೇದಲ್ಲ! ಅಳಿಸಿ ಅಳಿಯಂದಿರೇ, ಅಳಿಸಿ!"

ದಾರಿ ಒಂದಿತ್ತು. ಕಳಿಸಿದ ಐದು ನಿಮಿಷದೊಳಗೆ ಅಳಿಸಿದರೆ ಆ ಕಡೆಯಿಂದಲೂ ಮಾಯವಾಗುತ್ತದೆ. ಮೇಷ್ಟ್ರು ಮೌಸ್ ಹಿಡಿದರು. ಕೈ ಒದ್ದೆ, ಮೈ ಒದ್ದೆ, ಕಣ್ಣಿನಲ್ಲಿ ಸೋಪು. ಬಾಣವನ್ನು ಮೇಲಕ್ಕೆ ಬಿಟ್ಟರು. ಸಾಸಿವೆ ಕಾಳನ್ನು ದಾಟಿ ಹೋಯಿತು. ಹಿಂದಕ್ಕೆ ಎಳೆದರು. ಈ ಕಡೆ ದಾಟಿತು. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಕಾಳಿನ ಸುತ್ತ ಪ್ರದಕ್ಷಿಣೆ ಹಾಕಿತು. ತಾವೇ ಮಾಡಿದ ಗುಂಡಿ ತಮ್ಮ ಕೈಗೇ ಸಿಗುತ್ತಿಲ್ಲ!

"ಬೇಗ ರೀ!" ಹೆಂಡತಿ ಮೊಣಕೈ ಹಿಡಿದು ಅಲ್ಲಾಡಿಸಿದಳು. ಕೈ ಜಾರಿ ಕೆಳಕ್ಕೆ ಬಂತು.

ಟಿಣ್!

"ಏನದು?" ಎಂದರು ಅತ್ತೆ.

"ಇನ್ನೊಂದು... ಇನ್ನೊಂದು ಸಲ ಹೋಯ್ತು."

"ಅದೇ ಕಾಗದವಾ?"

"ಬರೆದದ್ದು ಮಾಸಬಾರದು, ಮತ್ತೆ ಕಳಿಸೋಕೆ ಅನುಕೂಲ ಆಗ್ಲಿ ಅಂತ ಅಲ್ಲೇ ಉಳಿಯೋ ಹಾಗೆ ಮಾಡಿದ್ದೆ ಅತ್ತೆ..."

"ಆಹಾ! ಎಂಥಾ ಅನುಕೂಲ!" ಎಂದಳು ಹೆಂಡತಿ.

ಎರಡು ನಿಮಿಷ ಉಳಿದಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು, ಎರಡೂ ಕೈಯಿಂದ ಮೌಸನ್ನು ಹಿಡಿದುಕೊಂಡು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದರು. ಬಾಣ ಕಾಳಿನ ಅಂಚಿಗೆ ಬಂತು. ಇನ್ನೇನು ಮುಟ್ಟಬೇಕು. ಅಷ್ಟರಲ್ಲಿ ಸೊಂಟದ ಟವೆಲ್ ಸಡಿಲವಾಯಿತು! ಮಾನ ಕಾಪಾಡಲು ಒಂದು ಕೈ ಹೋಯಿತು. ಉಳಿದ ಕೈಯಲ್ಲಿದ್ದ ಮೌಸ್ ಜಾರಿ ಮೇಜಿನಿಂದ ಬಿತ್ತು. ಬೀಳುವುದನ್ನು ಹಿಡಿಯಲು ಹೋಗಿ ಮೇಷ್ಟ್ರು ಅದನ್ನು ಹೊಟ್ಟೆಗೆ ಅವುಚಿಕೊಂಡರು.

ಟಿಣ್!

ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು. ಮೊದಲನೆಯದರ ಐದು ನಿಮಿಷ ಮುಗಿದಿತ್ತು. ಅದು ಹೋದ ಮೇಲೆ ಉಳಿದೆರಡನ್ನು ಅಳಿಸಿ ಫಲವಿರಲಿಲ್ಲ.

ಈಗ ಬರುವುದು ಮೇಷ್ಟ್ರು ಇವತ್ತಿಗೂ ನೆನೆಸಿಕೊಂಡು ಮುಖ ಮುಚ್ಚಿಕೊಳ್ಳುವ ಭಾಗ. ಕ್ಷಮಿಸಿ ಎನ್ನಬೇಕಾಗಿತ್ತು. ಅವರು ಅನ್ನಲಿಲ್ಲ. ಬೆರಳು ಎತ್ತಿ ಅತ್ತೆಯ ಕೈ ತೋರಿಸಿದರು. "ನಿಮ್ಮ ಕೈ ಸರಿ ಇಲ್ಲ ಅತ್ತೆ! ಯಾರಾದ್ರೂ ಖಾಲಿ ಮೇಜು ಗುಡಿಸ್ತಾರಾ? ಗುಂಡಿಯಲ್ಲಿ ಏನೂ ತಪ್ಪಿಲ್ಲ!"

ಅತ್ತೆ ತಮ್ಮ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಆಮೇಲೆ ಅದನ್ನು ಮಡಿಲಲ್ಲಿಟ್ಟು ಎಡಗೈಯಿಂದ ಮುಚ್ಚಿದರು. ಕಣ್ಣಲ್ಲಿ ನೀರು ಬಂತು. ಎದ್ದು ಕೋಣೆಗೆ ಹೋದರು.

ಹೆಂಡತಿ ಗಂಡನನ್ನು ಸೋಪಿನ ನೊರೆಯಿಂದ ಟವೆಲ್ಲಿನವರೆಗೆ ಅಳೆದಳು. "ನಿಮ್ಮ ಶಾಸ್ತ್ರ ಸರಿಯಾಗೇ ಇದೆ ಕಣ್ರೀ. ಹತ್ತಿರ ಇದ್ದಿದ್ದು ಅಮ್ಮನ ಕೈ. ಬೆರಳು ಅರ್ಧ ಸೆಕೆಂಡಲ್ಲಿ ಅಲ್ಲಿಗೇ ಹೋಯ್ತು."

"ನಾನು ಹಾಗಲ್ಲ..."

"ಅಮ್ಮ ಕಾಗದ ಅಳಿಸಿ ಅಂದ್ರು. ನೀವು ಅಮ್ಮನ್ನೇ ಅಳಿಸಿದ್ರಿ!"

ಮೇಷ್ಟ್ರು ಟವೆಲ್ ಬಿಗಿದು ಕಟ್ಟಿಕೊಂಡರು. ಅರ್ಧ ಉಳಿದ ಸ್ನಾನ ಮುಗಿಸಲು ಹೋದರು. ಈ ಸಲ ಹಾಡು ಬರಲಿಲ್ಲ.

ಸೋಮವಾರ ಅತ್ತೆ ಕಂಪ್ಯೂಟರಿನ ಮೇಲೆ ಒಂದು ಹಳೆಯ ಬಟ್ಟೆ ಹೊದಿಸಿ, "ನಾನು ಇದರ ತಂಟೆಗೆ ಬರಲ್ಲ" ಎಂದರು. ಇನ್ನೊಂದು ಕಾಗದ ಬರೆಯಿರಿ ಎಂದರೆ, "ಮೂರು ಸಲ ಬೈದು ನಾಲ್ಕನೇ ಸಲ ಬಾ ಅಂತ ಯಾವ ಮುಖ ಇಟ್ಕೊಂಡು ಕರೀಲಿ?" ಎಂದರು. ದಿಂಬಿನ ಚೀಲಗಳನ್ನು ಬೀರುವಿಗೆ ಸೇರಿಸಿದರು. ಮೇಷ್ಟ್ರು ತಾವೇ ಬರೆಯುವುದಾಗಿ ಮುಂದೆ ಬಂದು, ಕಚೇರಿಯಲ್ಲಿ ಕೂತು ಹೀಗೆ ಬರೆದರು: "ತಾಂತ್ರಿಕ ಅಡಚಣೆಯಿಂದ ತಮಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ." ಸಂಜೆ ಹೆಂಡತಿಗೆ ತೋರಿಸಿದರು.

"ರೈಲು ತಡ ಆಗಿದ್ಯಾ?" ಎಂದಳು ಹೆಂಡತಿ. ಅದನ್ನು ಕಳಿಸಲಿಲ್ಲ.

ಮಂಗಳವಾರ ಮೇಷ್ಟ್ರು ದೊಡ್ಡಮ್ಮನಿಗೆ ಫೋನ್ ಮಾಡಿಬಿಡುವುದು ಎಂದು ಕಚೇರಿಯ ಮೆಟ್ಟಿಲ ಹತ್ತಿರ ನಿಂತರು. ಹೆಂಡತಿಗೆ ದೊಡ್ಡಮ್ಮನಾದವರು ತಮಗೂ ದೊಡ್ಡಮ್ಮನೇ ತಾನೇ? ನಂಬರ್ ಒತ್ತಿದರು. ಆ ಕಡೆ ಒಂದು ಸಲ ರಿಂಗ್ ಆಗುತ್ತಲೇ ಕತ್ತರಿಸಿದರು. 'ತಪ್ಪು ನನ್ನದು' ಎಂಬ ಎರಡು ಪದಗಳನ್ನು ಬಾಯಲ್ಲಿ ಜೋಡಿಸಿಕೊಂಡರೆ ಮೊದಲನೆಯದು ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ. ಮನೆಗೆ ಬಂದು, "ಲೈನ್ ಸಿಗಲಿಲ್ಲ ಅತ್ತೆ" ಎಂದರು. ಬುಧವಾರವೂ ಹಾಗೇ ಎಂದರು. ಅತ್ತೆ "ಹೂಂ" ಎಂದರು, ನಂಬಿಯೇ ಎಂದರು. ಮೇಷ್ಟ್ರು ತಟ್ಟೆ ಬಿಟ್ಟು ಎದ್ದರು. ಅಕ್ಕ ತಂಗಿ ಇಬ್ಬರ ನಡುವೆ ತಾನು ಗುಂಡಿ ತೋಡಿ ಕೂತಿದ್ದೇನೆ, ಮುಚ್ಚಲು ಒಂದು ಹಿಡಿ ಮಣ್ಣು ಹಾಕುವ ಧೈರ್ಯವೂ ಇಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಬಾಗಿಲ ಗಂಟೆ ಸದ್ದು ಮಾಡಿತು.

ರಜೆ ಹಾಕಿ ಮನೆಯಲ್ಲೇ ಇದ್ದ ಮೇಷ್ಟ್ರು ಹೋಗುವ ಮೊದಲೇ ಅತ್ತೆ ಹೋಗಿ ಬಾಗಿಲು ತೆಗೆದರು. ಹೊರಗೆ, ಕೈಯಲ್ಲಿ ಒಂದು ಚೀಲ ಹಿಡಿದು, ಅತ್ತೆಯದೇ ಮೂಗು, ಅತ್ತೆಯದೇ ಗದ್ದ ಇದ್ದ, ಆದರೆ ಅತ್ತೆಗಿಂತ ಅರ್ಧ ಅಡಿ ಎತ್ತರದ ಹೆಂಗಸೊಬ್ಬರು ನಿಂತಿದ್ದರು.

"ಬಂದ್ಯಾ?" ಎಂದರು ಅತ್ತೆ.

"ಬಂದೆ" ಎಂದರು ದೊಡ್ಡಮ್ಮ.

ಹನ್ನೊಂದು ವರ್ಷಕ್ಕೆ ಅಷ್ಟೇ ಮಾತು. ಅತ್ತೆ ಪಕ್ಕಕ್ಕೆ ಸರಿದರು, ದೊಡ್ಡಮ್ಮ ಒಳಗೆ ಬಂದರು. ಹೆಂಡತಿ ಟೀ ತಂದಿಟ್ಟಳು. ಮೇಷ್ಟ್ರು ಗೋಡೆಗೆ ಅಂಟಿಕೊಂಡು, ಇನ್ನೂ ಅಂಟಿಕೊಳ್ಳಲು ಜಾಗವಿದೆಯೇ ಎಂದು ನೋಡುತ್ತಿದ್ದರು.

"ನಿನ್ನ ಕಾಗದ ಬಂತು ಕಣೇ" ಎಂದರು ದೊಡ್ಡಮ್ಮ.

ಮೂರು ಲೋಟಗಳು ಮೂರು ಬಾಯಿಗಳ ಹತ್ತಿರ ನಿಂತವು.

"ಫೋನು ಮೂರು ಸಲ ಟಿಣ್ ಟಿಣ್ ಟಿಣ್ ಅಂತು. ನನಗೋ ಅಕ್ಷರ ಕಾಣಲ್ಲ. ಅಕ್ಕ ತಂಗಿ ಕಾಗದನ ಪಕ್ಕದ ಮನೆಯವರ ಕೈಲಿ ಯಾಕೆ ಓದಿಸಲಿ? ಯೋಚನೆ ಮಾಡಿದೆ. ಬರಬೇಡ ಅನ್ನೋಕೆ ಯಾರಾದ್ರೂ ಮೂರು ಸಲ ಬರೀತಾರಾ? ಬಾ, ಬಾ, ಬಾ ಅಂತಲೇ ಇರಬೇಕು ಅಂದ್ಕೊಂಡು ಬಸ್ ಹತ್ತಿದೆ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಓದಿಲ್ಲ! ಓದಿಯೇ ಇಲ್ಲ! ಅಷ್ಟರಲ್ಲಿ ದೊಡ್ಡಮ್ಮ ಫೋನ್ ತೆಗೆದು ಅವರ ಕಡೆ ಚಾಚಿದರು.

"ಓದಿ ಅಳಿಯಂದಿರೇ. ನನ್ನ ತಂಗಿ ಏನು ಬರೆದಿದ್ದಾಳೆ, ಕೇಳೋಣ."

ಬಂದ ಜೀವ ಮತ್ತೆ ಹೋಯಿತು. ಅತ್ತೆಯ ಮುಖ ಸುಣ್ಣದ ಹಾಗೆ ಬಿಳಿಚಿತು. ಮೇಷ್ಟ್ರು ಫೋನ್ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು. ಕಣ್ಣು 'ಅಕ್ಕ ಅನ್ನಿಸಿಕೊಂಡವಳೇ' ಎಂಬಲ್ಲಿ ಬಿತ್ತು. ಬಾಯಿ, "ಪ್ರೀತಿಯ ಅಕ್ಕನಿಗೆ..." ಎಂದಿತು.

"ಆಹಾ" ಎಂದರು ದೊಡ್ಡಮ್ಮ.

"ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಹಾರೈಸುತ್ತೇನೆ. ಹನ್ನೊಂದು ವರ್ಷದಲ್ಲಿ ನಿನ್ನನ್ನು ನೆನೆಯದ ದಿನವಿಲ್ಲ." ಕಣ್ಣೆದುರು ಹೊಲಿಗೆ ಯಂತ್ರ ಬಂತು. "ಅಮ್ಮನ... ಅಮ್ಮನ ನೆನಪಾದಾಗಲೆಲ್ಲ ನಿನ್ನ ನೆನಪೂ ಆಗುತ್ತದೆ." ಕಳ್ಳರು ಬಂದರು. "ನಿನ್ನಷ್ಟು... ನಿನ್ನಷ್ಟು ಒಳ್ಳೆಯವರು ಯಾರಿದ್ದಾರೆ?" ಕಣ್ಣು 'ಬಂದರೆ ಬಾಗಿಲು ತೆಗೆಯುವುದಿಲ್ಲ' ಎಂದು ಓದಿತು. ಬಾಯಿ, "ನಿನಗೆ ನಮ್ಮ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತದೆ!" ಎಂದು ಹಾಡಿತು.

ಹೆಂಡತಿ ಗೋಡೆಯ ಕಡೆ ತಿರುಗಿ ಕೆಮ್ಮಿದಳು. ಮೇಷ್ಟ್ರಿಗೆ ಈಗ ಲಯ ಸಿಕ್ಕಿತ್ತು. ಇನ್ನೊಂದು ಸಾಲು ಹೊಸೆದು ಮುಗಿಸಿಬಿಡೋಣ ಎಂದು ಬೆರಳಿನಿಂದ ಕಾಗದವನ್ನು ಮೇಲಕ್ಕೆ ಸರಿಸಿದರು. ಕೆಳಗೆ ಇನ್ನೂ ಇತ್ತು! ಮನೆಯ ಪರದೆಯಲ್ಲಿ ಯಾರಿಗೂ ಕಾಣದ ಭಾಗ ಅದು. ಮಹಾಗುಂಡಿ ಎಷ್ಟು ದೊಡ್ಡದಾಗಿತ್ತೆಂದರೆ ಕಾಗದದ ಕೆಳಗಿನ ಅರ್ಧವನ್ನೇ ನುಂಗಿಕೊಂಡು ಕೂತಿತ್ತು. ಕೀಲಿಮ‌ಣೆ ನೋಡಿಕೊಂಡು ಬರೆಯುವ ಅತ್ತೆಗೆ ಅದು ಗೊತ್ತಾಗಿರಲಿಲ್ಲ.

ಮೇಷ್ಟ್ರು ಮನಸ್ಸಿನಲ್ಲೇ ಓದಿದರು.

"ನನ್ನ ಅಳಿಯಂದಿರನ್ನು ನೋಡಿ ಕಲಿ. ಬಾಯಿ ಜೋರು, ಬಡಾಯಿ ಅದಕ್ಕಿಂತ ಜೋರು, ಮನೆಯವರಿಗೆಲ್ಲ ಕಾನೂನು ಮಾಡುತ್ತಾರೆ. ಆದರೆ ನನ್ನ ಹೆಬ್ಬೆರಳು ನೋಯುತ್ತದೆಯೇ ಎಂದು ಕೇಳಿದವರು ಅವರೊಬ್ಬರೇ. ನನಗಾಗಿ ಬೆಳಿಗ್ಗೆಯಿಂದ ಊಟ ಬಿಟ್ಟು ಕೂತು ಈ ಗುಂಡಿ ಮಾಡಿಕೊಟ್ಟಿದ್ದಾರೆ. ತಪ್ಪು ಮಾಡಿದರೆ ಇನ್ನೊಬ್ಬರ ಮೇಲೆ ಹಾಕದೆ ತಾನೇ ಒಪ್ಪಿಕೊಳ್ಳುವ ಮನುಷ್ಯ. ಆ ಗುಣ ನಿನಗೆ ಹನ್ನೊಂದು ವರ್ಷವಾದರೂ ಬರಲಿಲ್ಲ."

ಮೇಷ್ಟ್ರ ಬಾಯಿ ಅರ್ಧ ತೆರೆದೇ ನಿಂತಿತು. ಕಿವಿ ಸುಟ್ಟಿತು. ನಿಮ್ಮ ಕೈ ಸರಿ ಇಲ್ಲ ಎಂದು ತಾನು ಬೆರಳು ತೋರಿಸಿದಾಗ ಈ ಸಾಲು ಆ ಗುಂಡಿಯ ಹಿಂದೆಯೇ ಇತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಯಾಕೆ ನಿಂತ್ರಿ? ಮುಂದೆ ಓದಿ."

"ಮುಂದೆ..." ಮೇಷ್ಟ್ರು ಫೋನನ್ನು ಮೇಜಿನ ಮೇಲಿಟ್ಟರು. "ದೊಡ್ಡಮ್ಮ, ನಾನು ಓದಿದ್ದು ಯಾವುದೂ ಇದರಲ್ಲಿ ಇಲ್ಲ. ಇದರಲ್ಲಿ ಇರೋದು ಪೂರ್ತಿ ಬೈಗುಳ. ಅತ್ತೆ ಇದನ್ನ ಬರೆದು ಅಳಿಸೋರಿದ್ರು, ಆಮೇಲೆ ಬಾ ಅಂತ ಬರೆಯೋರಿದ್ರು. ನಾನು ಮಾಡಿದ ಗುಂಡಿಯಿಂದ ಇದು ಹೋಯ್ತು. ಎರಡನೇ ಸಲ, ಮೂರನೇ ಸಲ ಕಳಿಸಿದ್ದು ನಾನೇ. ಕಳಿಸಿ ಅತ್ತೆ ಕೈ ಸರಿ ಇಲ್ಲ ಅಂದೆ. ಫೋನ್ ಲೈನ್ ಸಿಗಲಿಲ್ಲ ಅಂತ ಎರಡು ದಿನ ಸುಳ್ಳು ಹೇಳಿದೆ. ಅತ್ತೆ, ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ. ತಪ್ಪು ನಂದು."

 ಅತ್ತೆ ಮಡಿಲಲ್ಲಿದ್ದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟರು.

ದೊಡ್ಡಮ್ಮ ನಿಧಾನವಾಗಿ ಚೀಲದ ಜಿಪ್ ಎಳೆದರು. ಒಳಗಿಂದ ಹೊಚ್ಚ ಹೊಸ ಕನ್ನಡಕ ತೆಗೆದು ಹಾಕಿಕೊಂಡು ಮೇಷ್ಟ್ರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಬೆಳಿಗ್ಗೆ ಡಾಕ್ಟರ ಹತ್ತಿರವೇ ಕೊಟ್ರು. ಅಲ್ಲೇ ಕೂತು ಓದಿದೆ. ಮೂರೂ ಓದಿದೆ."

"ಮೂರೂ ಒಂದೇ ಅಲ್ವಾ ದೊಡ್ಡಮ್ಮ!" ಎಂದಳು ಹೆಂಡತಿ.

"ಒಂದರಲ್ಲಾದ್ರೂ ಸ್ವಲ್ಪ ಕಡಿಮೆ ಬೈದಿರಬಹುದು ಅಂತ ನೋಡಿದೆ ಕಣೇ. ವಾಪಸ್ ಹೋಗಿಬಿಡೋಣ ಅಂತ ಬಸ್ ನಿಲ್ದಾಣಕ್ಕೂ ಹೋದೆ. ಬೆಂಚಿನ ಮೇಲೆ ಕೂತಾಗ ಅನ್ನಿಸ್ತು, ತಪ್ಪು ಒಪ್ಪಿಕೊಳ್ಳೋ ಗಂಡಸಂತೆ, ಅಂಥಾ ಪ್ರಾಣಿ ಹೇಗಿರುತ್ತೆ ಒಂದ್ಸಲ ನೋಡ್ಕೊಂಡಾದ್ರೂ ಹೋಗೋಣ ಅಂತ." ದೊಡ್ಡಮ್ಮ ತಂಗಿಯ ಕಡೆ ತಿರುಗಿದರು. ಧ್ವನಿ ತಗ್ಗಿತು. "ಒಂದೇ ಕಾಗದ ಮೂರು ಸಲ ಬಂದಿದ್ದು ಇವರ ಗುಂಡಿಯಿಂದಲೇ ಇರಬೇಕು, ಅದನ್ನ ಇವರು ಒಪ್ಪಿಕೊಂಡ್ರೆ ನಾನೂ ಒಪ್ಪಿಕೊಳ್ಳೋದು ಅಂದ್ಕೊಂಡೇ ಬಂದೆ. ಯಂತ್ರ ಅಮ್ಮ ನಿನಗೇ ಅಂತ ಇಟ್ಟಿದ್ದು. ನನಗೆ ಗೊತ್ತಿತ್ತು. ಕೇಳಿದ್ರೆ ನೀನು ಕೊಟ್ಟುಬಿಡ್ತೀಯ, ಆಮೇಲೆ ಜೀವಮಾನ ನಾನು ಸಣ್ಣವಳಾಗ್ತೀನಿ ಅಂತ ಹೊಟ್ಟೆಕಿಚ್ಚಿಗೆ ಕೇಳದೆ ತಗೊಂಡು ಹೋದೆ. ಒಂದು ದಿನವೂ ಅದರಲ್ಲಿ ಹೊಲಿಯಲಿಲ್ಲ. ತಪ್ಪು ನಂದು."

ಅತ್ತೆ ಅಕ್ಕನ ಕೈ ಹಿಡಿದುಕೊಂಡರು. ಇಬ್ಬರೂ ಅತ್ತರು. ನಡುವೆ ಮೂಗು ಒರೆಸಿಕೊಂಡು ನಕ್ಕರು. ಹೆಂಡತಿಯೂ ಅತ್ತಳು. ಮೇಷ್ಟ್ರಿಗೂ ಕಣ್ಣು ಒದ್ದೆಯಾಯಿತು. ಜೊತೆಗೆ, ಹೇಳಬಾರದು, ಎದೆಯೂ ಸ್ವಲ್ಪ ಉಬ್ಬಿತು. ಎಷ್ಟಾದರೂ ತಮ್ಮ ಗುಂಡಿಯಿಂದಲೇ ತಾನೇ ಇದೆಲ್ಲ?

"ನೀನು ಬರೆದದ್ದೆಲ್ಲ ನಿಜವೇ ಕಣೇ" ಎಂದರು ದೊಡ್ಡಮ್ಮ.

"ಎಲ್ಲಾ ಅಲ್ಲ ಅಕ್ಕ." ಅತ್ತೆ ಕಣ್ಣೊರೆಸಿಕೊಂಡು ಅಳಿಯನ ಕಡೆ ಒಂದು ನೋಟ ಬಿಟ್ಟರು. "ಅಳಿಯಂದಿರ ಬಗ್ಗೆ ಕೊನೇಲಿ ಹೊಗಳಿ ಬರೆದಿದ್ದೀನಲ್ಲ, ತಪ್ಪು ಬೇರೆಯವರ ಮೇಲೆ ಹಾಕಲ್ಲ ಅಂತ. ಅದೊಂದು ಸಾಲು ಅಳಿಸಿಬಿಡು."

ಉಬ್ಬಿದ ಎದೆ ಇಳಿಯಿತು. ಮೇಷ್ಟ್ರು ನೆಲ ನೋಡುತ್ತ ಹೇಳಿದರು. "ಒಂದೇ ಸಾಲು ಅಳಿಸೋಕೆ ಬರಲ್ಲ ಅತ್ತೆ. ಅಳಿಸಿದ್ರೆ ಪೂರ್ತಿ ಕಾಗದವೇ ಹೋಗುತ್ತೆ."

"ಹಾಗಾದ್ರೆ ಇರಲಿ ಬಿಡೇ" ಎಂದರು ದೊಡ್ಡಮ್ಮ, ಫೋನನ್ನು ಚೀಲದೊಳಗೆ ಇಟ್ಟುಕೊಳ್ಳುತ್ತ. "ನೀನು ಬೈದಿರೋದು ಅಷ್ಟೂ ನನಗೆ ಬೇಕು. ಅದರ ಜೊತೆ ಒಂದು ಸುಳ್ಳು ಇದ್ರೆ ಏನು ಭಾರವೇ?"